ಹಾಜರಿ ಪುಸ್ತಕದ ಆಟಗಾರರು

1977ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹೊಸ ಟೂರ್ನಿಯೊಂದನ್ನು ಶುರು ಮಾಡಿತು. ಹೆಸರು ಫೆಡರೇಷನ್ ಕಪ್. ದೇಶದ ದೊಡ್ಡ ಕ್ಲಬ್‌ಗಳೆಲ್ಲ ಒಂದೇ ಕಡೆ ಸೇರಿ ಆಡಲಿ, ಯಾರು ಮೇಲು ಎಂಬುದು ಅಲ್ಲೇ ತೀರ್ಮಾನವಾಗಲಿ ಎಂಬುದು ಉದ್ದೇಶ. ಮೊದಲ ಫೈನಲ್ ನಡೆದದ್ದು ಕೇರಳದ ಎರ್ನಾಕುಳಂನಲ್ಲಿ. ಒಂದು ಕಡೆ ಕೋಲ್ಕತ್ತದ ಮೋಹನ್ ಬಾಗಾನ್. 1911ರಲ್ಲಿ ಬಹುತೇಕ ಬರಿಗಾಲಲ್ಲೇ ಆಡಿ, ಇಂಗ್ಲಿಷ್ ಪಲ್ಟನ್ನೊಂದನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಎತ್ತಿದ ತಂಡ ಅದು. ಅದೇ 1977ರ ಸೆಪ್ಟೆಂಬರಿನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡದ ಎದುರು 2–2ರ ಸಮಬಲ ಸಾಧಿಸಿದ್ದೂ ಅದೇ. ಇನ್ನೊಂದು ಕಡೆ ಇದ್ದದ್ದು ಬೆಂಗಳೂರಿನ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆಯ ತಂಡ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಎಲ್ಲರ ಬಾಯಲ್ಲಿ ಐಟಿಐ. ಪಂದ್ಯವನ್ನು 1–0ಯಿಂದ ಕಾರ್ಖಾನೆ ಗೆದ್ದಿತು.

ಪೆಲೆಗೆ ಸರಿಸಾಟಿಯಾಗಿ ನಿಂತ ಕ್ಲಬ್ಬನ್ನು ಅದೇ ವರ್ಷ ಸೋಲಿಸಿದ ತಂಡ ಇಂದು ಎಷ್ಟು ಜನರಿಗೆ ನೆನಪಿದೆ? ಮೋಹನ್ ಬಾಗಾನ್ ಈಗಲೂ ಆಡುತ್ತಿದೆ, ಲಕ್ಷಾಂತರ ಜನ ಅದಕ್ಕಾಗಿ ಕೂಗುತ್ತಾರೆ. ಐಟಿಐ ಹೆಸರು ಮಾತ್ರ ಹಳೆಯ ದಾಖಲೆಯ ಮೊದಲ ಸಾಲಿನಲ್ಲಿ ಉಳಿದುಕೊಂಡಿದೆ. ಎರಡರ ನಡುವಿನ ವ್ಯತ್ಯಾಸಕ್ಕೆ ಆಟದ ಗುಣಮಟ್ಟ ಕಾರಣವಾಗಿರಲಿಲ್ಲ. ಆಟಗಾರನ ಊಟ, ಬಾಡಿಗೆ, ಮದುವೆಯಾದ ಮೇಲಿನ ಸಂಸಾರದ ಖರ್ಚು ಎಲ್ಲಿಂದ ಬರುತ್ತಿತ್ತು ಎಂದು ಹುಡುಕುತ್ತ ಹೋದರೆ ಉತ್ತರ ಸಿಗುತ್ತದೆ. ಸಣ್ಣ ಸಂಸ್ಥೆಯೊಂದು ಫುಟ್‌ಬಾಲ್ ತಂಡವನ್ನು ಹೇಗೆ ಸಾಕುತ್ತದೆ, ಯಾವಾಗ ಕೈಬಿಡುತ್ತದೆ ಎಂಬ ಪ್ರಶ್ನೆ ಇವತ್ತು ಜಿಲ್ಲಾ ಕೇಂದ್ರಗಳ ಕಾಲೇಜುಗಳ ಮುಂದೆಯೂ ಇದೆ. ಹಾಗಾಗಿ ಬೆಂಗಳೂರಿನ ಕಥೆಯನ್ನು ಬುಡದಿಂದ ನೋಡುವುದು ಒಳ್ಳೆಯದು.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಮೂಲಕ. 1809ರಲ್ಲಿ ಹುಟ್ಟಿದ ದಂಡು ಪ್ರದೇಶ ಮೈಸೂರು ಸಂಸ್ಥಾನದ ನಡುವೆ ಇದ್ದರೂ ಬ್ರಿಟಿಷರ ಕೈಕೆಳಗಿತ್ತು. 1947ರವರೆಗೂ ಅದರ ಆಡಳಿತವೇ ಬೇರೆ. ಪೇಟೆಯ ಕಡೆಯವರು ಗರಡಿಮನೆಯಲ್ಲಿ ಮಣ್ಣು ಮೆತ್ತಿಕೊಂಡು ಸಾಮು ಮಾಡುತ್ತಿದ್ದಾಗ, ದಂಡಿನ ಕಡೆ ಗೋರಾ ಸಿಪಾಯಿಗಳು ಪರೇಡ್ ಮೈದಾನದಲ್ಲಿ ಚೆಂಡು ಒದೆಯುತ್ತಿದ್ದರು. ಅವರ ಬಟ್ಟೆ ಒಗೆಯುವ, ಅಡುಗೆ ಮಾಡುವ, ಕುದುರೆ ನೋಡಿಕೊಳ್ಳುವ, ಮಾಂಸ ಪೂರೈಸುವ ಕುಟುಂಬಗಳು ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರದ ಓಣಿಗಳಲ್ಲಿ ನೆಲೆಸಿದ್ದವು. ತಮಿಳು, ದಖನಿ ಉರ್ದು, ತೆಲುಗು ಮಾತಾಡುವ ಈ ಕೇರಿಗಳ ಹುಡುಗರೇ ಬೆಂಗಳೂರು ಫುಟ್‌ಬಾಲ್‌ನ ಬೇರು. ಇವರಲ್ಲಿ ಹೆಚ್ಚಿನವರ ಹತ್ತಿರ ಬೂಟು ಕೊಳ್ಳುವ ದುಡ್ಡಿರಲಿಲ್ಲ, ಆದರೆ ಬರಿಗಾಲು ಚೆಂಡಿನ ಮೈಯನ್ನು ಚೆನ್ನಾಗಿ ಬಲ್ಲದಾಗಿತ್ತು.

ಮೊದಲ ದೊಡ್ಡ ತಿರುವು 1937. ಮುಂಬೈಯ ರೋವರ್ಸ್ ಕಪ್ 1891ರಿಂದ ನಡೆದುಕೊಂಡು ಬಂದಿತ್ತು. ಅಷ್ಟೂ ವರ್ಷ ಕಪ್ಪು ಹೋದದ್ದು ಒಂದಲ್ಲ ಒಂದು ಬ್ರಿಟಿಷ್ ಪಲ್ಟನ್ನಿಗೆ. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ ಫೈನಲ್‌ನಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1–0ಯಿಂದ ಸೋಲಿಸಿತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. ಸೋತ ಮೊಹಮ್ಮಡನ್ ಸ್ಪೋರ್ಟಿಂಗ್ ಸಾಮಾನ್ಯ ತಂಡವಾಗಿರಲಿಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದು, ಬಂಗಾಳದ ಫುಟ್‌ಬಾಲನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಿದ್ದ ತಂಡ. ಬೆಂಗಳೂರಿನವರು ಮರುವರ್ಷವೂ ರೋವರ್ಸ್ ಕಪ್ ಉಳಿಸಿಕೊಂಡರು. 1948ರಲ್ಲಿ ಮೂರನೆಯ ಸಲ, ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಗೆದ್ದರು.

ರಾಜ್ಯ ತಂಡವೂ ಹಿಂದೆ ಬೀಳಲಿಲ್ಲ. ಅಂತರ ರಾಜ್ಯ ಟೂರ್ನಿಯಾದ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. 1946–47ರಲ್ಲಿ ಮೈಸೂರು ಆ ಟ್ರೋಫಿಯನ್ನು ಬಂಗಾಳದ ಕೈಯಿಂದ ಕಿತ್ತುಕೊಂಡಿತು. 1952–53ರಲ್ಲಿ ಮತ್ತೆ ಗೆದ್ದಿತು.

ಇವೆರಡರ ನಡುವೆ ಬಂದದ್ದು 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಕೆ.ಪಿ. ಧನರಾಜ್, ಎಸ್.ಎ. ಬಶೀರ್, ಬಿ.ಎನ್. ವಜ್ರವೇಲು ಹೀಗೆ ಬೆಂಗಳೂರಿನ ಒಂದು ಗುಂಪೇ ಇತ್ತು. ಜುಲೈ 31ರಂದು ಇಲ್ಫರ್ಡ್‌ನ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನ ಹುಡುಗನ ಕಾಲಿನಿಂದ ಬಂತು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಗೆ 2–1ರಿಂದ ಸೋಲಾಯಿತು.

ಆ ತಂಡದ ನಾಯಕ ನಾಗಾಲ್ಯಾಂಡಿನ ತಾಲಿಮೆರೆನ್ ಆವ್. ಅವರು ಆಗ ಕೋಲ್ಕತ್ತದಲ್ಲಿ ವೈದ್ಯಕೀಯ ವಿದ್ಯಾರ್ಥಿ. ಒಲಿಂಪಿಕ್ಸ್ ಮುಗಿಸಿ ಬಂದವರು ಪುಸ್ತಕಕ್ಕೆ ಮರಳಿದರು, ವೈದ್ಯರಾದರು, ತಮ್ಮ ಜನರ ನಡುವೆ ಕೆಲಸ ಮಾಡಿ ಬದುಕಿದರು. ಕಾಲೇಜಿನಲ್ಲಿ ಓದುತ್ತಲೇ ದೇಶದ ತಂಡದ ನಾಯಕನಾಗಬಹುದು, ಆಟ ಮುಗಿದ ಮೇಲೂ ಬದುಕಿಗೆ ದಾರಿ ಇರುತ್ತದೆ ಎಂಬುದನ್ನು ಭಾರತದ ಫುಟ್‌ಬಾಲ್ ತನ್ನ ಮೊದಲ ಹೆಜ್ಜೆಯಲ್ಲೇ ಕಂಡಿತ್ತು. ಅದನ್ನೇ ಒಂದು ವ್ಯವಸ್ಥೆಯಾಗಿ ಬೆಳೆಸಲಿಲ್ಲ ಎಂಬುದು ನಂತರದ ಎಪ್ಪತ್ತು ವರ್ಷಗಳ ದೊಡ್ಡ ನಷ್ಟ.

1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತಕ್ಕೆ ಅವಕಾಶ ಸಿಕ್ಕಿತ್ತು, ತಂಡ ಹೋಗಲಿಲ್ಲ. ಬೂಟಿಲ್ಲದೆ ಆಡಲು ಬಿಡದಿದ್ದುದೇ ಕಾರಣ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಹಡಗಿನ ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯವಿಲ್ಲದ್ದು, ತಂಡದ ಆಯ್ಕೆಯ ತಕರಾರು, ಎಲ್ಲಕ್ಕಿಂತ ಹೆಚ್ಚಾಗಿ ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದು ಎಂದು ಆಗಿನ ಆಡಳಿತಗಾರರು ನಂಬಿದ್ದು ಮುಖ್ಯವಾಗಿತ್ತು ಎಂಬುದು ಅವರ ವಾದ. ದಾಖಲೆಗಳ ತೂಕ ಇದರ ಕಡೆಗೇ ಇದೆ. ಬೂಟಿನ ಮಾತಿಗೆ ಬಲ ಬಂದದ್ದು ಎರಡು ವರ್ಷದ ನಂತರ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಸದೆಬಡಿಯಿತು. ಚಳಿಯಲ್ಲಿ, ಒದ್ದೆ ಹುಲ್ಲಿನ ಮೇಲೆ ಬರಿಗಾಲು ನಡೆಯುವುದಿಲ್ಲವೆಂದು ಅಲ್ಲಿ ಖಚಿತವಾಯಿತು. ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್.

ಅಷ್ಟರಲ್ಲಿ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಇರಲಿಲ್ಲ. 1949ರಲ್ಲೇ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ್ದರು. ಧನರಾಜ್ ಕೂಡ ಅಲ್ಲೇ. ವೆಂಕಟೇಶ್, ಅಪ್ಪಾರಾವ್, ಸಾಲೆ ಜೊತೆ ಈ ಇಬ್ಬರು ಸೇರಿದ ಐವರ ಮುನ್ಪಡೆಗೆ ಬಂಗಾಳದ ಅಭಿಮಾನಿಗಳು ಇಟ್ಟ ಹೆಸರು ಪಂಚಪಾಂಡವರು. ಬೆಂಗಳೂರಿನ ಓಣಿ ಆಟಗಾರನನ್ನು ತಯಾರು ಮಾಡುತ್ತಿತ್ತು, ಕೋಲ್ಕತ್ತದ ಲೀಗ್ ಅವನಿಗೆ ಕೂಳು ಕೊಡುತ್ತಿತ್ತು. ಕೇರಿಯ ಕ್ಲಬ್ಬುಗಳ ಹತ್ತಿರ ಅಭಿಮಾನವಿತ್ತು, ಸಂಬಳ ಕೊಡುವ ಶಕ್ತಿ ಇರಲಿಲ್ಲ. ಹೀಗೇ ನಡೆದಿದ್ದರೆ ಬೆಂಗಳೂರಿನ ಫುಟ್‌ಬಾಲ್ ಅರವತ್ತರ ದಶಕಕ್ಕೇ ಬರಿದಾಗುತ್ತಿತ್ತು. ಆಗದಂತೆ ತಡೆದದ್ದು ಕಾರ್ಖಾನೆ.

ಯುದ್ಧಕಾಲದಲ್ಲಿ, 1940ರಲ್ಲಿ, ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದಿದ್ದರು. ಅದೇ ಮುಂದಿನ ಎಚ್‌ಎಎಲ್. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಒಂದೊಂದಕ್ಕೂ ಸಾವಿರಾರು ಕೆಲಸಗಾರರು, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮೈದಾನ. ಮಂಡ್ಯ, ತುಮಕೂರು, ಕೋಲಾರದ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿ, ಕೈಗಾರಿಕಾ ತರಬೇತಿ ಮುಗಿಸಿದ ಹುಡುಗರು ಬಸ್ಸು ಹತ್ತಿ ಇಲ್ಲಿಗೆ ಬಂದರು. ಊರಿನಲ್ಲಿ 'ಫ್ಯಾಕ್ಟ್ರಿ ಕೆಲಸ' ಎಂದರೆ ಹೆಣ್ಣು ಕೊಡುವವರು ಸಾಲುಗಟ್ಟುತ್ತಿದ್ದ ಕಾಲ ಅದು. ಕಾರ್ಖಾನೆಗಳ ಆಡಳಿತಕ್ಕೆ ತಮ್ಮ ಹೆಸರು ಹೊತ್ತು ಆಡುವ ತಂಡ ಬೇಕಿತ್ತು, ಕೇರಿಯ ಹುಡುಗನಿಗೆ ಕೆಲಸ ಬೇಕಿತ್ತು. ಇಬ್ಬರಿಗೂ ಒಪ್ಪಂದವಾಯಿತು.

ಇಂಥ ತಂಡಗಳ ರೂಢಿ ಸರಳವಾಗಿತ್ತು. ಆಟಗಾರನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. ಬೆಳಿಗ್ಗೆ ಗೇಟಿನೊಳಗೆ ಹೋಗಿ ಕೆಲಸ, ಅರ್ಧ ದಿನದ ಮೇಲೆ ಅಭ್ಯಾಸಕ್ಕೆ ಬಿಡುವು, ಟೂರ್ನಿ ಇದ್ದಾಗ ಸಂಬಳ ಸಹಿತ ರಜೆ. ಮೂವತ್ತೆರಡು, ಮೂವತ್ಮೂರಕ್ಕೆ ಕಾಲು ಸೋತಾಗ ಮಗ್ಗುಲಿನ ವಿಭಾಗದಲ್ಲಿ ಪೂರ್ತಿ ಹೊತ್ತಿನ ಕೆಲಸ, ಐವತ್ತೆಂಟಕ್ಕೆ ನಿವೃತ್ತಿ, ಪಿಎಫ್, ಗ್ರ್ಯಾಚುಯಿಟಿ. ಫುಟ್‌ಬಾಲ್ ಆಡಿ ಮಗ ಕೆಟ್ಟ ಎಂದು ಬೈಯುವ ತಾಯಿಯ ಬಾಯಿ ಈ ಒಂದು ಏರ್ಪಾಡಿನಿಂದ ಮುಚ್ಚಿತು. 1967–68ರಲ್ಲಿ, ಮತ್ತೆ 1968–69ರಲ್ಲಿ ಮೈಸೂರು ರಾಜ್ಯ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದರ ಹಿಂದೆ ಈ ಭದ್ರತೆ ಇದೆ. ಎರಡೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳ. 1977ರಲ್ಲಿ ಐಟಿಐ ಎರ್ನಾಕುಳಂನಲ್ಲಿ ಗೆದ್ದದ್ದು ಅದೇ ಕೊಂಬೆಯ ಹಣ್ಣು.

ಈ ಏರ್ಪಾಡಿನಲ್ಲಿ ಒಂದು ದೌರ್ಬಲ್ಯ ಅಡಗಿತ್ತು. ಐಟಿಐ ತಂಡವನ್ನು ನೋಡಲು ಬರುವವರು ಐಟಿಐನವರು, ಎಚ್‌ಎಎಲ್ ತಂಡಕ್ಕೆ ಕೂಗುವವರು ಎಚ್‌ಎಎಲ್‌ನವರು. ಕಾರ್ಖಾನೆಯ ಕಾಂಪೌಂಡಿನ ಆಚೆ ಆ ತಂಡವನ್ನು ತನ್ನದೆಂದು ಹೇಳುವ ಬೀದಿ ಇರಲಿಲ್ಲ. ಟಿಕೆಟ್ಟಿನ ದುಡ್ಡಿನಿಂದ ತಂಡ ನಡೆಯುತ್ತಿರಲಿಲ್ಲ. ನಡೆಸಬೇಕಾದ ಜರೂರೂ ಇರಲಿಲ್ಲ. ಕಾರ್ಖಾನೆ ಗಟ್ಟಿಯಾಗಿ ಇರುವಷ್ಟು ದಿನ ಯಾರಿಗೂ ಇದು ಕಾಣಲಿಲ್ಲ.

1991ರ ನಂತರ ಕಂಡಿತು. ಟೆಲಿಫೋನ್ ತಯಾರಿಕೆಯಲ್ಲಿ ಐಟಿಐಗಿದ್ದ ಏಕಸ್ವಾಮ್ಯ ಹೋಯಿತು. ಖಾಸಗಿ, ವಿದೇಶಿ ಕಂಪನಿಗಳು ಬಂದವು, ಹಿಂದೆಯೇ ಮೊಬೈಲು ಬಂತು. ಸಾರ್ವಜನಿಕ ಉದ್ದಿಮೆಗಳಲ್ಲಿ ಹೊಸ ನೇಮಕಾತಿ ನಿಂತು ಸ್ವಯಂ ನಿವೃತ್ತಿಯ ಸುತ್ತೋಲೆಗಳು ಬಂದವು. ಹೊಸಬರನ್ನು ತೆಗೆದುಕೊಳ್ಳದ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ವಯಸ್ಸಾಗುವುದೊಂದೇ ದಾರಿ. ತಂಡವನ್ನು ಮುಚ್ಚುತ್ತೇವೆಂದು ಯಾರೂ ಡಂಗುರ ಸಾರಬೇಕಾಗಲಿಲ್ಲ. ಸ್ಪೋರ್ಟ್ಸ್ ಕೋಟಾದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು, ಭರ್ತಿಯಾಗಲಿಲ್ಲ.

ಬೆಂಗಳೂರಿನ ಫುಟ್‌ಬಾಲ್ ಸೊರಗಿದ್ದಕ್ಕೆ ಕ್ರಿಕೆಟ್ ಕಾರಣ ಎನ್ನುವವರಿದ್ದಾರೆ. 1983ರ ವಿಶ್ವಕಪ್, ಆಮೇಲೆ ಮನೆಮನೆಗೆ ಬಂದ ಟಿವಿ, ಮಕ್ಕಳ ಕೈಗೆ ಬ್ಯಾಟು. ಮೈದಾನಗಳು ಕಟ್ಟಡಗಳಾದವು ಎನ್ನುವವರು ಇನ್ನು ಕೆಲವರು. ಎರಡರಲ್ಲೂ ನಿಜವಿದೆ. ಆದರೆ ಆಸ್ಟಿನ್ ಟೌನ್‌ನ ಹುಡುಗರು ಟಿವಿ ಬಂದ ಮೇಲೂ ಚೆಂಡು ಬಿಡಲಿಲ್ಲ. ಅಲ್ಲಿಂದಲೇ ಬಂದ ಕಾರ್ಲ್ಟನ್ ಚಾಪ್‌ಮನ್ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, ಈಸ್ಟ್ ಬೆಂಗಾಲ್‌ಗೆ, ಅಲ್ಲಿಂದ ಪಂಜಾಬಿನ ಜೆಸಿಟಿ ಮಿಲ್ ತಂಡಕ್ಕೆ ಹೋಗಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, ಭಾರತದ ನಾಯಕರಾದರು. ಪ್ರತಿಭೆ ಬತ್ತಿರಲಿಲ್ಲ. ಅದಕ್ಕೆ ಬೆಂಗಳೂರಿನಲ್ಲಿ ಕೆಲಸ ಇರಲಿಲ್ಲ. ಚಾಪ್‌ಮನ್ ಆಡಿದ ಜೆಸಿಟಿ ತಂಡವೂ 2011ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಒಂದು ವರ್ಷ ಮೊದಲು ಮುಂಬೈಯ ಮಹೀಂದ್ರ ಯುನೈಟೆಡ್. ಎಚ್‌ಎಎಲ್ ಕೊನೆಯವರೆಗೂ ಹೆಣಗಿ, ಐ-ಲೀಗ್‌ನ ಮೇಲಿನ ಹಂತದಲ್ಲಿ ಎರಡು ಋತು ಆಡಿ, 2012ರಲ್ಲಿ ಕೆಳಗಿಳಿಯಿತು.

ಇದೇ ಬಿಕ್ಕಟ್ಟನ್ನು ಬೇರೆ ರೀತಿಯಲ್ಲಿ ಎದುರಿಸಿದವರು ಅಮೆರಿಕದ ಕಾಲೇಜುಗಳು. ಅಲ್ಲಿನ ಫುಟ್‌ಬಾಲ್ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ, ಆದರೆ ಅದು ಹುಟ್ಟಿದ್ದೂ ಬೆಳೆದದ್ದೂ ಕಾಲೇಜುಗಳಲ್ಲೇ. ಸಣ್ಣವರು ದೊಡ್ಡವರನ್ನು ಕೆಡವುವುದು ಅಲ್ಲೂ ಇತ್ತು. ಕೆಂಟಕಿಯ ಸೆಂಟರ್ ಕಾಲೇಜು ಕೆಲವೇ ನೂರು ವಿದ್ಯಾರ್ಥಿಗಳ ಸಂಸ್ಥೆ. 1921ರ ಅಕ್ಟೋಬರಿನಲ್ಲಿ ಅದು ಹಾರ್ವರ್ಡ್ ತಂಡವನ್ನು ಅದರದೇ ಅಂಗಳದಲ್ಲಿ 6–0ಯಿಂದ ಸೋಲಿಸಿತು. ಕ್ರಮೇಣ ಆಟ ವ್ಯಾಪಾರವಾಯಿತು. ಗೆಲ್ಲಲೇಬೇಕಾದವರು ಓದಿನ ನೆಪದಲ್ಲಿ ಆಟಗಾರರನ್ನು ಕೊಂಡು ತಂದರು.

ಇದನ್ನು ಒಪ್ಪದೆ ಎದ್ದು ನಿಂತವರು ಶಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿಯಾಗಿ ಮುಂದೆ ಹೆಸರಾದ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್‌ವ್ಯಾಂಗರ್ ಶಿಕಾಗೊದ ವಿದ್ಯಾರ್ಥಿ. ನಾಲ್ಕೇ ವರ್ಷದಲ್ಲಿ ಆ ತಂಡ ಮಿಷಿಗನ್ ಎದುರು 85–0ಯಿಂದ ಸೋಲುವ ಸ್ಥಿತಿಗೆ ಬಂತು. ಆಟಗಾರರಿಗಾಗಿ ಓದಿನ ಮಟ್ಟ ಇಳಿಸಲು ಹಚಿನ್ಸ್ ತಯಾರಿರಲಿಲ್ಲ. 1939ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ರದ್ದು ಮಾಡಿತು. ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿತು.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಕಥೆ ಇನ್ನೂ ಕಟುವಾದದ್ದು. 1951ರಲ್ಲಿ ಅದರ ತಂಡ ಆಡಿದ ಒಂಬತ್ತೂ ಪಂದ್ಯ ಗೆದ್ದಿತು. ಋತುವಿನ ಕೊನೆಯ ದೊಡ್ಡ ಪಂದ್ಯಕ್ಕೆ ಕರೆ ಬಂದರೆ ತಂಡವನ್ನು ಉಳಿಸಿಕೊಳ್ಳಲು ನೆರವಾಗುವಷ್ಟು ಹಣ ಸಿಗುತ್ತಿತ್ತು. ಕರಿಯ ಆಟಗಾರರಾದ ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಅವರನ್ನು ಬಿಟ್ಟು ಬಂದರೆ ಕರೆಯುತ್ತೇವೆ ಎಂಬ ಸೂಚನೆ ಬಂತು. ಇಡೀ ತಂಡ ಒಟ್ಟಾಗಿ ಬೇಡವೆಂದಿತು. ಹಣ ಬರಲಿಲ್ಲ, ಋತು ಮುಗಿದ ಕೂಡಲೇ ತಂಡ ಮುಚ್ಚಿತು. ಮರುವರ್ಷ ಭಾರತ ಹತ್ತು ಗೋಲು ತಿಂದ ಅದೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ಸನ್ ಓಟದಲ್ಲಿ ಎರಡು ಪದಕ ಗೆದ್ದರು. ಆ ತಂಡದ ನಿರ್ಧಾರ ಕ್ರೀಡೆಯ ಇತಿಹಾಸದ ದೊಡ್ಡ ಗೆಲುವುಗಳ ಸಾಲಿಗೆ ಸೇರಬೇಕಾದದ್ದು.

ಆ ವರ್ಷಗಳಲ್ಲಿ ಅಮೆರಿಕದ ಎಷ್ಟೋ ಕಾಲೇಜುಗಳು ಫುಟ್‌ಬಾಲ್ ಕೈಬಿಟ್ಟವು. ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಎಂದು ಆಟಗಾರರನ್ನು ಬದಲಿಸಲು ನಿಯಮ ಒಪ್ಪಿದ್ದರಿಂದ ತಂಡದ ಗಾತ್ರವೂ ಖರ್ಚೂ ಏರಿದವು. ದೊಡ್ಡ ಪಂದ್ಯ ಟಿವಿಯಲ್ಲಿ ಸಿಗುವಾಗ ಸಣ್ಣ ಕಾಲೇಜಿನ ಗ್ಯಾಲರಿಗೆ ಜನ ಬರಲಿಲ್ಲ. ಇಲ್ಲಿಂದ ಹೊರಬರಲು ಸಿಕ್ಕ ದಾರಿ 1973ರದ್ದು. ಕಾಲೇಜುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಮೂರನೇ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡುವವನು ಎಲ್ಲರಂತೆ ಫೀಸು ಕಟ್ಟಬೇಕು, ಪರೀಕ್ಷೆ ಪಾಸಾಗಬೇಕು, ಸಂಜೆ ಆಡಬೇಕು. ರದ್ದು ಮಾಡಿದ್ದ ಶಿಕಾಗೊ ಕೂಡ, ವಿದ್ಯಾರ್ಥಿಗಳ ಒತ್ತಾಯದಿಂದ 1969ರಲ್ಲಿ ಮತ್ತೆ ತಂಡ ಕಟ್ಟಿ, ಆಮೇಲೆ ಇದೇ ದರ್ಜೆಗೆ ಸೇರಿತು.

ಲೆಕ್ಕ ಇಲ್ಲಿ ತಿರುಗುಮುರುಗಾಯಿತು. ನೂರು ಹುಡುಗರ ತಂಡ ಎಂದರೆ ಫೀಸು ಕಟ್ಟುವ ನೂರು ವಿದ್ಯಾರ್ಥಿಗಳು. ದಾಖಲಾತಿ ಕುಸಿಯುತ್ತಿದ್ದ ಸಣ್ಣ ಖಾಸಗಿ ಕಾಲೇಜುಗಳು ವಿದ್ಯಾರ್ಥಿಗಳನ್ನು ಸೆಳೆಯಲೆಂದೇ ಫುಟ್‌ಬಾಲ್ ಶುರು ಮಾಡಿದವು. ಅರ್ಕಾನ್ಸಾದ ಹೆಂಡ್ರಿಕ್ಸ್ ಕಾಲೇಜು 1960ರಲ್ಲಿ ಬಿಟ್ಟಿದ್ದ ಆಟವನ್ನು 2013ರಲ್ಲಿ ಮರಳಿ ತಂದಿತು. ಇದು ಎಲ್ಲ ರೋಗಕ್ಕೂ ಮದ್ದಲ್ಲ. ಅಲಬಾಮದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2007ರಲ್ಲಿ ತಂಡ ಕಟ್ಟಿಯೂ ಸಾಲದಿಂದ ಮೇಲೇಳಲಾಗದೆ 2024ರ ಮೇ ಕೊನೆಗೆ ಕಾಲೇಜನ್ನೇ ಮುಚ್ಚಬೇಕಾಯಿತು. ಆ ಹೊತ್ತಿನಲ್ಲಿ ಅದರ ಬೇಸ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡುತ್ತಿತ್ತು. ಕಾಲೇಜು ಇಲ್ಲದ ಮೇಲೂ ಆ ಹುಡುಗರು ಕೊನೆಯ ಪಂದ್ಯದವರೆಗೆ ಅದರ ಹೆಸರಿನಲ್ಲೇ ಆಡಿದರು.

ಯುರೋಪಿನಲ್ಲಿ ಕಾರ್ಖಾನೆ ತಂಡಗಳು ಬದುಕಿದ ಬಗೆ ಬೇರೆ. ಲಂಡನ್‌ನ ವೂಲಿಚ್ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು 1886ರಲ್ಲಿ ಕಟ್ಟಿಕೊಂಡ ತಂಡ ಇವತ್ತಿನ ಆರ್ಸೆನಲ್. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರ ತಂಡವಾಗಿ ಹುಟ್ಟಿದ್ದು. ನೆದರ್‌ಲ್ಯಾಂಡ್ಸ್‌ನ ಪಿಎಸ್‌ವಿ 1913ರಲ್ಲಿ ಫಿಲಿಪ್ಸ್ ಬಲ್ಬ್ ಕಾರ್ಖಾನೆಯ ಒಳಗೆ ಹುಟ್ಟಿತು. ಆರ್ಸೆನಲ್, ಮ್ಯಾಂಚೆಸ್ಟರ್ ತಂಡಗಳು ಬೇಗನೆ ಗೇಟಿನಿಂದ ಹೊರಬಂದು ಊರಿನ ತಂಡಗಳಾದವು. ವಾರಕ್ಕೊಮ್ಮೆ ದುಡ್ಡು ಕೊಟ್ಟು ಬರುವ ಜನರಿದ್ದುದರಿಂದ ಕಾರ್ಖಾನೆ ಮುಚ್ಚಿದರೂ ತಂಡ ನಿಂತಿತು. ಬೆಂಗಳೂರಿನ ಐಟಿಐಗೆ ಇಂಥ ಊರು ಸಿಗಲಿಲ್ಲ. ಅಮೆರಿಕದ ಕಾಲೇಜಿನಂತೆ ವರ್ಷವರ್ಷ ಹೊಸ ಹುಡುಗರನ್ನು ತಂದು ತುಂಬುವ ದಾಖಲಾತಿಯೂ ಇರಲಿಲ್ಲ.

ಈ ಖಾಲಿ ಜಾಗಕ್ಕೆ ಬಂದದ್ದು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ. ಜೆಎಸ್‌ಡಬ್ಲ್ಯು ಸಮೂಹದ ಈ ಕ್ಲಬ್ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ಬೆಂಗಳೂರಿನ ಹೆಸರು ಕೂಗುವ ಜನ ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಂಡರು. ಕಾರ್ಖಾನೆ ತಂಡಗಳಿಗೆ ದಕ್ಕದ ಊರು ಈ ತಂಡಕ್ಕೆ ದಕ್ಕಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೋಗಿ ಕರ್ನಾಟಕವಾದ ಮೇಲೆ ಇದೇ ಮೊದಲು.

ಗೆಲುವು ದೊಡ್ಡದು, ನಿಜ. ಆದರೆ ವೃತ್ತಿಪರ ಕ್ಲಬ್ ತೆಗೆದುಕೊಳ್ಳುವುದು ಬೆರಳೆಣಿಕೆಯ ಹುಡುಗರನ್ನು. ಹಿಂದೆ ಒಂದು ಐಟಿಐ, ಒಂದು ಎಚ್‌ಎಎಲ್, ಒಂದು ಬಿಇಎಂಎಲ್ ಸೇರಿ ಮಧ್ಯಮ ಮಟ್ಟದ ಎಷ್ಟೋ ಆಟಗಾರರಿಗೆ ಕೊಟ್ಟಿದ್ದ ನೆಲೆಯನ್ನು ಯಾವ ಕ್ಲಬ್ಬೂ ತುಂಬಿಲ್ಲ. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವಯಸ್ಸಿನಲ್ಲಿ ಆ ಹುಡುಗರನ್ನು ಆಟದಲ್ಲಿ ಉಳಿಸಬಲ್ಲ ಸಂಸ್ಥೆ ಈಗ ಕಾಲೇಜು ಒಂದೇ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ ಪದಕ ಪಟ್ಟಿಯ ಮೇಲೆ ನಿಂತಿತು. ಹಣವಿರುವ ನಗರದ ಖಾಸಗಿ ಸಂಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಮಂಡ್ಯ ಜಿಲ್ಲೆಯ ಸ್ಥಿತಿ ಬೇರೆ. ದುದ್ದ ಹೋಬಳಿಯ ಹುಡುಗ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಪದವಿ ಓದುತ್ತಾನೆ. ಸಂಜೆ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಫುಟ್‌ಬಾಲ್ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ ಸುಮಾರು ಒಂದೂಮುಕ್ಕಾಲು ಎಕರೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಕಬ್ಬು, ಭತ್ತ ಬೆಳೆಯುವ ನೆಲದಲ್ಲಿ ಅಷ್ಟು ಜಾಗವನ್ನು ಆಟಕ್ಕೆಂದು ಬಿಡುವುದು ಸಣ್ಣ ಮಾತಲ್ಲ. ಕಬಡ್ಡಿಗೆ, ವಾಲಿಬಾಲ್‌ಗೆ ಅದರ ಮೂಲೆಯೊಂದು ಸಾಕು. ಇಲ್ಲಿನ ಹುಡುಗರು ಆ ಆಟಗಳ ಕಡೆ ವಾಲುವುದಕ್ಕೆ ಇದೂ ಕಾರಣ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲು ಇದೆ. ಎಂದೋ ಕಾರ್ಖಾನೆ ಕೊಡುತ್ತಿದ್ದ ನೌಕರಿಯ ಭರವಸೆಯ ಒಂದು ತುಣುಕಾದರೂ ಅದರಲ್ಲಿ ಉಳಿದಿದೆ. ವಿಶ್ವವಿದ್ಯಾಲಯ ನಡೆಸುವ ಅಂತರ ಕಾಲೇಜು ಟೂರ್ನಿಗೆ ಹನ್ನೊಂದು ಮಂದಿಯನ್ನು ಕಳಿಸಲು ಕಾಲೇಜಿಗೆ ಮೊದಲು ಬೇಕಾದದ್ದು ಕಾಯಂ ದೈಹಿಕ ಶಿಕ್ಷಣ ನಿರ್ದೇಶಕ. ಆಮೇಲೆ ಬೇಕಾದದ್ದು ಮೈದಾನ. ಪ್ರತಿ ಕಾಲೇಜಿಗೂ ಒಂದು ಅಂಗಳ ಸಾಧ್ಯವಿಲ್ಲದಿದ್ದರೆ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕಿಗೆ ಒಂದನ್ನು ಕಾಲೇಜುಗಳು ಹಂಚಿಕೊಳ್ಳಬಹುದು. ವಿದ್ಯಾರ್ಥಿಗಳಿಂದ ಪಡೆಯುವ ಕ್ರೀಡಾ ಶುಲ್ಕದಲ್ಲಿ ಒಂದು ಪಾಲನ್ನು ಅಭ್ಯಾಸದ ದಿನಗಳ ಸಂಜೆ ಬಸ್ಸಿಗೆ ಎತ್ತಿಡಬಹುದು. ಪ್ರವೇಶ ನಡೆಯುವ ತಿಂಗಳಲ್ಲೇ ಹೈಸ್ಕೂಲು, ಪಿಯು ತಂಡಗಳಲ್ಲಿ ಆಡಿದವರ ಪಟ್ಟಿಯನ್ನು ಪಿಟಿ ಮೇಷ್ಟ್ರುಗಳಿಂದ ತರಿಸಿಕೊಂಡರೆ, ಮೊದಲ ಸೆಮಿಸ್ಟರ್ ಮುಗಿಯುವ ಮುನ್ನ ತಂಡ ಅಂಗಳಕ್ಕೆ ಇಳಿಯಬಹುದು.